ಕಾಣೆಗೆ ತಕ್ಕ ಬಲೆ

ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟ ಬಸ್ಸು ಕೊಟ್ಟಾರವನ್ನು ದಾಟಿ ಕೂಳೂರಿನ ಸೇತುವೆಯನ್ನೇರುವಾಗ ಕಿಟಕಿಯ ಬದಿಯಲ್ಲಿ ಕುಳಿತವರು ಒಮ್ಮೆ ಕೆಳಗೆ ನೋಡಬೇಕು. ಅದು ಇಳಿತದ ಹೊತ್ತಾಗಿದ್ದರೆ, ಹೊಳೆಯ ನಡುವೆ ಮೊಣಕಾಲುದ್ದ ನೀರಿನಲ್ಲಿ ಒಬ್ಬಾತ ಕೊಕ್ಕರೆಯಂತೆ ನಿಶ್ಚಲನಾಗಿ ನಿಂತಿರುವುದು ಕಂಡೀತು. ನೋಡುತ್ತಿರುವಂತೆಯೇ ಅವನ ಸೊಂಟ ತುಸು ತಿರುಗುತ್ತದೆ; ತೋಳಿನ ಮೇಲಿದ್ದ ಗಂಟು ಗಾಳಿಯಲ್ಲಿ ಬಿಚ್ಚಿಕೊಂಡು ದುಂಡನೆಯ ಹೂವಾಗಿ ಅರಳುತ್ತದೆ; ಮರುಕ್ಷಣವೇ ನೀರೊಳಗೆ ಮಾಯವಾಗುತ್ತದೆ. ಬಸ್ಸು ಸೇತುವೆಯನ್ನು ದಾಟಿಬಿಡುತ್ತದೆ. ಬಲೆಗೆ ಏನು ಬಿತ್ತೆಂಬುದು ಪ್ರಯಾಣಿಕನಿಗೆ ತಿಳಿಯುವುದೇ ಇಲ್ಲ.

ಬಿದ್ದದ್ದು ಕಾಣೆಯಾಗಿದ್ದರೆ ಆತನ ದಿನ ಸಾರ್ಥಕವಾಯಿತೆಂದೇ ಅರ್ಥ. ಮಂಗಳೂರಿನ ಖಾನಾವಳಿಗಳಲ್ಲಿ ರವೆಯಲ್ಲಿ ಹೊರಳಿಸಿ ಹುರಿದ ಕಾಣೆಗೆ ಇರುವ ಮರ್ಯಾದೆ ಬೇರಾವ ಹೊಳೆಮೀನಿಗೂ ಇಲ್ಲ. ಮೀನು ಮುಟ್ಟದ ಮನೆಯ ವಾಚಕರು ಇಲ್ಲಿಗೇ ಪುಟ ತಿರುವಬಾರದೆಂದು ಪ್ರಾರ್ಥನೆ. ನಾನು ಹೇಳಹೊರಟಿರುವುದು ಅಡುಗೆಯ ವಿಷಯವನ್ನಲ್ಲ, ಬಲೆಯ ವಿಷಯವನ್ನು. ಅದೂ, ತಪ್ಪು ಬಲೆಯನ್ನು ಕೊಂಡು ನಗೆಪಾಟಲಾದವನ ಮಾತು.

ಕೂಳೂರಿನ ಹೊಳೆಯ ನಡತೆಯೇ ವಿಚಿತ್ರವಾದುದು. ಘಟ್ಟದಿಂದಿಳಿದು ಗುರುಪುರವನ್ನು ಹಾದುಬರುವ ಈ ಫಲ್ಗುಣಿಗೆ ಇಲ್ಲಿ ಸಮುದ್ರ ಬಹು ಸಮೀಪ. ಆದರೂ ಅದು ನೇರವಾಗಿ ಹೋಗಿ ಕಡಲನ್ನು ಸೇರುವುದಿಲ್ಲ. ದಕ್ಷಿಣಕ್ಕೆ ಹೊರಳಿ, ತಣ್ಣೀರುಬಾವಿ, ಬೆಂಗ್ರೆಗಳ ಮರಳಿನ ಪಟ್ಟಿಯನ್ನು ನಡುವೆ ಇರಿಸಿಕೊಂಡು ಕಡಲಿಗೆ ಸಮಾನಾಂತರವಾಗಿ ಹರಿದು, ಹಳೆಯ ಬಂದರಿನ ಆಚೆ ನೇತ್ರಾವತಿಯ ಜೊತೆಗೂಡಿಯೇ ಅಳಿವೆಯನ್ನು ಮುಟ್ಟುತ್ತದೆ. ಮಳೆಗಾಲದಲ್ಲಿ ಇಲ್ಲಿ ಹರಿಯುವುದೆಲ್ಲ ಕೆಂಪಾದ ಸಿಹಿನೀರು. ಮಳೆ ಹಿಂಜರಿದ ತರುವಾಯ ಉಪ್ಪುನೀರು ದಿನದಿನಕ್ಕೆ ಮೇಲೇರತೊಡಗುತ್ತದೆ. ಅದನ್ನು ತಡೆಯುವುದಕ್ಕೆಂದೇ ಮೇಲ್ಗಡೆ ಮಳವೂರಿನಲ್ಲಿ ಕಿಂಡಿ ಅಣೆಕಟ್ಟನ್ನು ಕಟ್ಟಿದ್ದಾರೆ. ಸುಗ್ಗಿ ತಿಂಗಳು ಕಳೆದು ಬಿಸು ಹಬ್ಬ ಬರುವ ಹೊತ್ತಿಗೆ ಕೂಳೂರಿನ ನೀರು ತಿಳಿಯಾಗಿ, ನಾಲಗೆಗೆ ಉಪ್ಪುಪ್ಪಾಗಿ, ತಳದ ಮರಳು ಕಾಣುವಂತಿರುತ್ತದೆ. ಬೀಸುಬಲೆಯವರಿಗೆ ಅದೇ ಸುಗ್ಗಿ.

ವಸಂತದಲ್ಲಿ ಬಲೆ ಹಿಡಿದು ಹೊಳೆಗಿಳಿಯುವ ಹುರುಪು ನಮ್ಮ ಕರಾವಳಿಗೆ ಮಾತ್ರ ಮೀಸಲಾದುದಲ್ಲ. ಉತ್ತರ ಅಮೆರಿಕದ ಮಹಾಸರೋವರಗಳ ತೀರದಲ್ಲಿ ಏಪ್ರಿಲಿನ ಚಳಿರಾತ್ರಿಗಳಲ್ಲಿ ಜನರು ದೀಪ ಹಿಡಿದು, ಉದ್ದ ಹಿಡಿಯ ಬಲೆಗಳೊಡನೆ ತೊರೆಗಳ ಬಾಯಲ್ಲಿ ಕಾಯುತ್ತಾರೆ. ಅವರು ಕಾಯುವುದು ಸ್ಮೆಲ್ಟ್ ಎಂಬ ಗೇಣುದ್ದದ ಬೆಳ್ಳಿಮೀನಿಗಾಗಿ. ಹಿಡಿದಾಗ ಅದಕ್ಕೆ ಎಳೆಸೌತೆಯ ವಾಸನೆ ಇರುತ್ತದಂತೆ! 1912ರಲ್ಲಿ ಮಿಷಿಗನ್ ಸಂಸ್ಥಾನದ ಕ್ರಿಸ್ಟಲ್ ಸರೋವರದಲ್ಲಿ ಬಿಟ್ಟ ಸಂತತಿಯೇ ಅಲ್ಲಿಂದ ದೊಡ್ಡ ಸರೋವರಗಳಿಗೆ ಹಬ್ಬಿತೆನ್ನುತ್ತಾರೆ. ನಮ್ಮ ಕಾಣೆಗೂ ಆ ಮೀನಿಗೂ ರಕ್ತಸಂಬಂಧವಿಲ್ಲ. ಆದರೂ ಮೈಕಟ್ಟಿನ ಹೋಲಿಕೆಯಿಂದ ಕಾಣೆಯ ಕುಟುಂಬಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ ‘ಸ್ಮೆಲ್ಟ್-ವೈಟಿಂಗ್’ ಎಂಬ ಹೆಸರು ಅಂಟಿಕೊಂಡಿದೆ. ಇದಕ್ಕೆ ಮೊದಲು ಶಾಸ್ತ್ರೀಯ ನಾಮಕರಣ ಮಾಡಿದವನು ಲಿನೇಯಸನ ಶಿಷ್ಯನಾದ ಫಾರ್ಸ್ಕಾಲ್. ಅರೇಬಿಯದ ಯಾತ್ರೆಯಲ್ಲಿ ಕೆಂಪು ಸಮುದ್ರದ ಮೀನುಗಳನ್ನು ಪರೀಕ್ಷಿಸಿದ ಆತ 1763ರಲ್ಲಿ ಅಲ್ಲಿಯೇ ಮಲೇರಿಯಕ್ಕೆ ತುತ್ತಾದ. ಅವನ ಬರಹವು ಅಚ್ಚಾದುದು 1775ರಲ್ಲಿ.

ನಮ್ಮ ಹೆಸರಿನ ಸೊಗಸು ಆ ಹೆಸರಿಗೆಲ್ಲಿಂದ ಬರಬೇಕು! ಅಪಾಯದ ಸುಳಿವು ಸಿಕ್ಕಿದೊಡನೆಯೇ ಈ ಮೀನು ತಲೆ ತಗ್ಗಿಸಿ ಮರಳಿನೊಳಗೆ ತೂರಿಕೊಂಡುಬಿಡುತ್ತದೆ. ಮೇಲೆ ಬಲೆ ಹಾದುಹೋದರೂ ಅಲುಗುವುದಿಲ್ಲ. ಇದೀಗ ಇಲ್ಲಿತ್ತು, ಈಗ ಕಾಣೆ. ಹೆಸರು ಹುಟ್ಟಿದ ಬಗೆಯನ್ನು ಭಾಷಾಶಾಸ್ತ್ರಜ್ಞರು ನಿರ್ಣಯಿಸಲಿ; ಬರಿಗೈಯಲ್ಲಿ ಹಿಂದಿರುಗಿದವನಿಗೆ ಬೇರೆ ವ್ಯುತ್ಪತ್ತಿ ಬೇಕಿಲ್ಲ.

ಹಾಗೆ ಹಿಂದಿರುಗಿದವರಲ್ಲಿ ನಾನೂ ಒಬ್ಬ. ಭಾನುವಾರದ ಬೆಳಗುಗಳನ್ನು ಹೊಳೆಯಲ್ಲಿ ಕಳೆಯುವ ಉಮೇದಿನಿಂದ ಪೇಟೆಯ ಅಂಗಡಿಯೊಂದರಲ್ಲಿ ಬೀಸುಬಲೆಯನ್ನು ಕೊಂಡೆ. ಹಗುರವಾದುದು, ನುಣುಪಾದುದು; ಕಣ್ಣುಗಳಲ್ಲಿ ಕಿರುಬೆರಳೂ ತೂರದು. ಸಣ್ಣದು ದೊಡ್ಡದು ಯಾವುದೂ ತಪ್ಪಿಸಿಕೊಳ್ಳದಲ್ಲ ಎಂಬ ಲೆಕ್ಕಾಚಾರ ನನ್ನದು. ಅಂಗಡಿಯಾತನೂ ಹೌದೆಂದ. ಮೂರು ಭಾನುವಾರ ಬೀಸಿದ್ದಾಯಿತು. ಬಿದ್ದದ್ದು ಬೆರಳುದ್ದದ ಮರಿಗಳು, ಕಸಕಡ್ಡಿ, ಒಂದಿಷ್ಟು ಎಟ್ಟಿ. ಹತ್ತು ಮಾರು ಆಚೆ ಅಜ್ಜನೊಬ್ಬ ಅದೇ ಹೊಳೆಯಿಂದ ಗೇಣುದ್ದದ ಕಾಣೆಗಳನ್ನು ಒಂದೊಂದಾಗಿ ಸೊಂಟದ ಬುಟ್ಟಿಗೆ ಇಳಿಸುತ್ತಿದ್ದ. ಹೊಳೆಯನ್ನೇ ನೆಚ್ಚಿ ಮಕ್ಕಳನ್ನು ಓದಿಸಿದ ಮೊಗವೀರ ಆತ. ಮೂರನೆಯ ವಾರ ತಡೆಯಲಾರದೆ ನನ್ನ ಬಳಿಗೆ ಬಂದು, ಬಲೆಯ ಅಂಚನ್ನು ಎರಡು ಬೆರಳುಗಳಲ್ಲಿ ಎತ್ತಿ ನೋಡಿದ.

“ಇದು ಬಲೆ ಅಲ್ಲ ಮಾರಾಯ್ರೆ, ಸೊಳ್ಳೆಪರದೆ. ನೀವು ಬೀಸಿದ್ದು ಕಾಣೆಗೆ ತಿಳಿದು, ಅದು ಬೆಂಗ್ರೆ ತಲುಪಿದ ಮೇಲೆ ಇದು ತಳ ಮುಟ್ಟುವುದು.”

ನಗುವನ್ನು ನುಂಗಿಕೊಂಡು ಯೋಚಿಸಿದೆ. ಅಜ್ಜನ ಮಾತಿನಲ್ಲಿ ತತ್ತ್ವವಿತ್ತು. ಮನೆಯಲ್ಲಿ ಸೊಳ್ಳೆಪರದೆಯನ್ನು ತೊಟ್ಟಿಯಲ್ಲಿ ಅದ್ದಿ ತೊಳೆದ ಗೃಹಿಣಿಯರಿಗೆ ಅದು ವಿವರಣೆಯಿಲ್ಲದೆಯೇ ತಿಳಿದೀತು: ಎಳೆಗಳು ಒತ್ತಾಗಿದ್ದಷ್ಟೂ ಬಟ್ಟೆ ನೀರನ್ನು ತಡೆಯುತ್ತದೆ, ಗಾಳಿ ತುಂಬಿದಂತೆ ಉಬ್ಬುತ್ತದೆ, ನಿಧಾನವಾಗಿ ಮುಳುಗುತ್ತದೆ. ಕಣ್ಣು ದೊಡ್ಡದಾದರೆ ನೀರು ಸರಾಗವಾಗಿ ಹಾದುಹೋಗಿ ಬಲೆ ಕಲ್ಲಿನಂತೆ ಇಳಿಯುತ್ತದೆ. ಕಾಣೆಯಂಥ ಚುರುಕು ಮೀನಿಗೆ ಓಡಿಹೋಗಲು ಬೇಕಾದ ಕಾಲವಾದರೂ ಎಷ್ಟು? ಬಲೆಯ ಅಂಚು ತಳ ಮುಟ್ಟುವವರೆಗಿನದು. ಸಣ್ಣ ಕಣ್ಣಿನ ಬಲೆಯು ಆ ಕಾಲವನ್ನು ದೊಡ್ಡ ಮೀನಿಗೆ ದಾನ ಮಾಡಿ, ಓಡಲಾರದ ಮರಿಗಳನ್ನು ಮಾತ್ರ ಉಳಿಸಿಕೊಡುತ್ತದೆ. ಯಾವುದೂ ತಪ್ಪಬಾರದೆಂಬ ಆಸೆಯಿಂದ ಕೊಂಡ ಬಲೆಯಲ್ಲಿ ಬೇಕಾದುದೇ ತಪ್ಪಿಹೋಗುತ್ತಿತ್ತು.

ಅಜ್ಜನ ಬಲೆಯ ಕಣ್ಣಿನಲ್ಲಿ ನನ್ನ ಹೆಬ್ಬೆರಳು ಸಲೀಸಾಗಿ ತೂರಿತು. ಕಣ್ಣನ್ನು ಅಳೆಯುವ ಕ್ರಮವೂ ಬೇರೆಯೇ. ಬಲೆಯನ್ನು ಬಿಗಿಯಾಗಿ ಎಳೆದು, ಎದುರುಬದುರಿನ ಗಂಟುಗಳ ನಡುವಿನ ಅಂತರವನ್ನು ನೋಡಬೇಕು; ಅದರ ಎರಡರಷ್ಟು ಕಣ್ಣಿನ ಸುತ್ತಳತೆ. ಮೀನಿನ ಮೈಯ ಅತಿ ದಪ್ಪದ ಭಾಗ ಆ ಸುತ್ತಳತೆಗಿಂತ ಕಡಿಮೆಯಿದ್ದರೆ ಅದು ನುಸುಳಿಕೊಂಡು ಹೋಗುತ್ತದೆ. ನುಸುಳಿ ಹೋಗಬೇಕಾದುದು ಹೋಗಲಿ ಎಂದೇ ಕಣ್ಣನ್ನು ಆರಿಸುವುದು. ಕಾಣೆ ಸಾಮಾನ್ಯವಾಗಿ 20 ಸೆಂಟಿಮೀಟರಿನಷ್ಟು ಬೆಳೆಯುತ್ತದೆ, 30ನ್ನು ಮುಟ್ಟುವುದೂ ಉಂಟು. ಆರೇಳು ಸೆಂಟಿಮೀಟರಿನ ಮರಿಯಲ್ಲಿ ಮುಳ್ಳಲ್ಲದೆ ಬೇರೇನಿದೆ? “ಅದನ್ನು ನೀವು ಹಿಡಿದರೆ,” ಎಂದ ಅಜ್ಜ, “ನನ್ನ ಬರುವ ವರ್ಷದ ಅನ್ನ ನಿಮ್ಮ ಬುಟ್ಟಿಯಲ್ಲಿರುತ್ತದೆ. ನಿಮಗೆ ಅದು ಸಾರಿಗೂ ಆಗುವುದಿಲ್ಲ.” ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಆದರೆ ಭಾನುವಾರದ ವಿನೋದಕ್ಕಾಗಿ ಬಂದವನಿಗೆ ಅದನ್ನು ಕೇಳಿಸಿಕೊಂಡು ನಿಲ್ಲುವುದು ಸುಲಭವಾಗಿರಲಿಲ್ಲ.

ಕಣ್ಣಿನ ತರುವಾಯ ನೋಡಬೇಕಾದುದು ಸೀಸ. ಅಂಚಿನ ಸುತ್ತ ಕೋದಿರುವ ಸೀಸದ ಗುಂಡುಗಳ ತೂಕವೇ ಬಲೆಯನ್ನು ಇಳಿಸುವುದು. ಗುಂಡುಗಳ ನಡುವಿನ ಅಂತರ ಎಲ್ಲೆಡೆಯೂ ಒಂದೇ ಸಮನಾಗಿರಬೇಕು. ಒಂದೆಡೆ ಗುಂಡು ಉದುರಿಹೋಗಿದ್ದರೆ ಅಲ್ಲಿ ಅಂಚು ಮರಳಿನಿಂದ ಎದ್ದು ನಿಲ್ಲುತ್ತದೆ. ಆ ಬಾಗಿಲನ್ನು ಕಾಣೆ ಹುಡುಕದೆಯೇ ಕಂಡುಕೊಳ್ಳುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತವೂ ಇಳಿತವೂ ಜೋರು, ಸೆಳೆತ ಹೆಚ್ಚು. ಆಗ ಭಾರದ ಬಲೆ ಬೇಕು. ಅಷ್ಟಮಿಯ ಸುತ್ತಿನ ಮಂದ ನೀರಿಗೆ ಹಗುರವಾದುದು ಸಾಕು. ಎರಡನ್ನೂ ಕೊಳ್ಳಲು ಶಕ್ತಿಯಿಲ್ಲದವನು ಭಾರದ್ದನ್ನೇ ಕೊಳ್ಳತಕ್ಕದ್ದು, ತೋಳು ತಾಳುವುದಾದರೆ. ಒದ್ದೆಯಾದ ಬಲೆಯ ತೂಕ ಅಂಗಡಿಯಲ್ಲಿ ಎತ್ತಿ ನೋಡಿದ ತೂಕವಲ್ಲವೆಂಬುದನ್ನು ನನ್ನ ಭುಜ ಇಂದಿಗೂ ನೆನಪಿಸುತ್ತದೆ. ಬೀಸುವಾಗ ಗುಂಡೊಂದನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವ ರೂಢಿ ಕೆಲವರಿಗುಂಟು. ಸೀಸ ವಿಷ, ಆ ಚಮತ್ಕಾರವನ್ನು ಅನುಕರಿಸುವುದು ಬೇಡ.

ಬೀಸುಬಲೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಅಂಚನ್ನು ಒಳಮಡಿಚಿ ಸುತ್ತಲೂ ಚೀಲಗಳನ್ನು ಮಾಡಿರುತ್ತಾರೆ. ಬಲೆಯನ್ನು ಎಳೆದಾಗ ಮೀನು ಆ ಚೀಲಗಳಿಗೆ ಸೇರುತ್ತದೆ. ಇನ್ನೊಂದರಲ್ಲಿ ಒಳಗಿನಿಂದ ದಾರಗಳು ಬಂದು ಅಂಚನ್ನೇ ನಡುವಿಗೆ ಸೆಳೆದುಕೊಳ್ಳುತ್ತವೆ. ಅಜ್ಜನದು ಚೀಲದ್ದು. ಆದರೆ ಮರಳಿನಲ್ಲಿ ಹೂತುಕೊಂಡ ಕಾಣೆ ಯಾವ ಬಗೆಯ ಬಲೆಗೂ ತಾನಾಗಿ ಸೇರುವುದಿಲ್ಲ. ಬಲೆ ತಳ ಮುಟ್ಟಿದ ಮೇಲೆ ಆತ ಅವಸರಪಡಲಿಲ್ಲ. ಬಲೆಯ ಸುತ್ತ ಮೆಲ್ಲನೆ ನಡೆಯುತ್ತ, ಕಾಲ್ಬೆರಳುಗಳಿಂದ ಮರಳನ್ನು ತಡವಿದ. ಒಂದೆಡೆ ಅಡಿಯಲ್ಲಿ ಏನೋ ಮಿಸುಕಿತು. ಬಗ್ಗಿ, ಬಲೆಯ ಮೇಲಿನಿಂದಲೇ ಒತ್ತಿ ಹಿಡಿದು ಮೇಲೆತ್ತಿದಾಗ ಬೆಳ್ಳಿಯ ಕಡ್ಡಿಯಂಥ ಕಾಣೆ! ಕಣ್ಣಿಗೆ ಕಾಣದುದನ್ನು ಕಾಲಿನಿಂದ ಕಾಣುವ ಈ ವಿದ್ಯೆ ಯಾವ ಅಂಗಡಿಯಲ್ಲಿ ದೊರೆತೀತು?

ಉಳಿದ ಸಲಕರಣೆಗಳನ್ನು ಕುರಿತು ಬೇಗನೆ ಹೇಳಿಬಿಡುತ್ತೇನೆ. ಕಂತಬಲೆಯು ನೀರಿನಲ್ಲಿ ಗೋಡೆಯಂತೆ ನಿಂತು ಮೀನಿನ ಕಿವಿರನ್ನು ಸಿಕ್ಕಿಸಿಕೊಳ್ಳುವಂಥದು; ನೀರು ಮಂದವಾಗಿರುವಾಗ ಇಡಬೇಕು, ಇಟ್ಟವನು ಕಾಯಬೇಕು. ಕೈರಂಪಣಿಗೆ ಹಲವರ ತೋಳು ಬೇಕು. ಅದರ ಹಿರಿಯಣ್ಣನಾದ ರಂಪಣಿಯನ್ನು ಕಡಲ ದಡಕ್ಕೆ ಇಡೀ ಊರೇ ಸೇರಿ ಎಳೆಯುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ತರುವಾಯ ಅದು ಕ್ರಮೇಣ ಮರೆಯಾಯಿತು. ಒಂಟಿಯಾಗಿ ಕುಳಿತುಕೊಳ್ಳುವ ಸ್ವಭಾವದವರಿಗೆ ಗಾಳವೇ ಸಾಕು. ಕಾಣೆಯ ಬಾಯಿ ಚಿಕ್ಕದು, ಮರಳಿನ ಹುಳುಗಳನ್ನೂ ಎಟ್ಟಿಯನ್ನೂ ಹೆಕ್ಕಿ ತಿನ್ನುವಂಥದು. ಆದುದರಿಂದ ಗಾಳವೂ ಚಿಕ್ಕದಿರಲಿ, ಎರೆಯು ತಳಕ್ಕೆ ತಾಗಿರಲಿ.

ನೈಲಾನಿನ ವಿಷಯವಾಗಿ ಎರಡು ಮಾತು. ಅಜ್ಜನ ಬಾಲ್ಯದಲ್ಲಿ ಬಲೆ ಹತ್ತಿಯದು. ಮರದ ತೊಗಟೆ ಕುದಿಸಿದ ಚೊಗರುನೀರಿನಲ್ಲಿ ಅದನ್ನು ಅದ್ದಿ, ಬಿಸಿಲಿಗೆ ಹರವಿ, ಮತ್ತೆ ಮತ್ತೆ ಆರೈಕೆ ಮಾಡದಿದ್ದರೆ ಕೊಳೆತುಹೋಗುತ್ತಿತ್ತು. ನೈಲಾನಿಗೆ ಆ ಬಾಧೆಯಿಲ್ಲ. ಆದರೆ ಹತ್ತಿಗೆ ಮದ್ದಾಗಿದ್ದ ಬಿಸಿಲೇ ನೈಲಾನಿಗೆ ವಿಷ. ತೊಳೆದು ನೆರಳಿನಲ್ಲಿ ಒಣಗಿಸಬೇಕು. ನುಣುಪಾದ ಎಳೆಯಲ್ಲಿ ಒಂಟಿ ಗಂಟು ಜಾರುವುದರಿಂದ ಜೋಡಿ ಗಂಟು ಇದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಕೊಳೆಯದಿರುವುದು ಯಾವಾಗಲೂ ಗುಣವೇ ಎಂದೂ ಹೇಳಲಾಗದು. ಹೊಳೆಯ ತಳದಲ್ಲಿ ಸಿಕ್ಕಿ ಕಳೆದುಹೋದ ಹತ್ತಿಬಲೆ ಕಾಲಾಂತರದಲ್ಲಿ ಮಣ್ಣಾಗುತ್ತಿತ್ತು. ಕಳೆದುಹೋದ ನೈಲಾನು ಒಡೆಯನಿಲ್ಲದೆಯೂ ಏಡಿ ಮೀನುಗಳನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಹರಿದ ತುಂಡನ್ನಾದರೂ ನೀರಿನಲ್ಲಿ ಬಿಟ್ಟುಬರಬಾರದು.

ಇನ್ನು ಪ್ರಾಣದ ಮಾತು. ಬಲೆಯ ಹಗ್ಗವನ್ನು ಮಣಿಕಟ್ಟಿಗೆ ಗಂಟು ಹಾಕಿಕೊಳ್ಳುವುದು ಹೊಸಬರ ಅಭ್ಯಾಸ, ಬಲೆ ಕೈತಪ್ಪಬಾರದೆಂದು. ನಾನೂ ಹಾಗೆಯೇ ಮಾಡಿದ್ದೆ. ಮರಳು ತೆಗೆದ ಹೊಳೆಗಳಲ್ಲಿ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೇ ಆಳುದ್ದವಾಗಬಹುದು. ಅಂಥ ಗುಂಡಿಯಲ್ಲಿ ಕಾಲಿಟ್ಟವನ ಕೈಗೆ ಸೀಸ ತುಂಬಿದ ಬಲೆಯನ್ನು ಬಿಗಿದಿದ್ದರೆ ಈಜು ಬಂದರೂ ಪ್ರಯೋಜನವಿಲ್ಲ. ಅಜ್ಜ ನನ್ನ ಗಂಟನ್ನು ತಾನೇ ಬಿಚ್ಚಿ, ಎಳೆದರೆ ಜಾರಿ ಕಳಚುವ ಕುಣಿಕೆಯನ್ನು ಬೆರಳುಗಳಿಗೆ ಸಿಕ್ಕಿಸಿಕೊಟ್ಟ. “ಬಲೆ ಹೋದರೆ ಇನ್ನೊಂದು ತರಬಹುದು,” ಎಂದಷ್ಟೇ ಹೇಳಿ ಆಚೆಯ ದಡವನ್ನು ನೋಡಿದ. ಆ ದಡದಲ್ಲಿ ಆತ ಯಾರನ್ನು ನೆನೆದನೋ, ಕೇಳುವ ಧೈರ್ಯ ನನಗಾಗಲಿಲ್ಲ.

ಬಳಿಕ ಆತನೇ ಹೆಸರಿಸಿದ ದೊಡ್ಡ ಕಣ್ಣಿನ ಬಲೆಯನ್ನು ತಂದೆ. ಮೊದಲ ದಿನ ಎರಡು ಕಾಣೆ, ಮರುವಾರ ಒಂದೂ ಇಲ್ಲ, ಅದರ ಮರುವಾರ ಐದು. ಹಳೆಯದನ್ನು ಯಾರಿಗಾದರೂ ಮಾರಿಬಿಡಿರೆಂದು ಮನೆಯವರು ಸೂಚಿಸಿದರು. ಮಾರಿದರೆ ಅದು ತಿರುಗಿ ಅದೇ ಹೊಳೆಗೆ ಇಳಿಯುವುದಲ್ಲವೆ? ಸೀಸವನ್ನೆಲ್ಲ ಬಿಚ್ಚಿ ತೆಗೆದು ಹಿತ್ತಿಲಿನ ಬಸಳೆ ಚಪ್ಪರಕ್ಕೆ ಹೊದಿಸಿದ್ದೇನೆ. ಪಕ್ಕದ ಮನೆಯ ಕೋಳಿಗಳು ಈಗ ಬಸಳೆಯ ಕಡೆಗೆ ತಲೆಯಿಡುವುದಿಲ್ಲ.