ಬೇರಿನ ಉಸಿರು



ಸಕಲೇಶಪುರ, ಆಲೂರು ಸೀಮೆಯಲ್ಲಿ ಆಷಾಢ-ಶ್ರಾವಣಗಳ ಮಳೆ ಬಿಡದೆ ಹಿಡಿದಾಗ ಕಾಫಿ ಬೆಳೆಗಾರರು ಆಡುವ ಮಾತೊಂದಿದೆ: "ಗಿಡಕ್ಕೆ ಶೀತವಾಗಿದೆ." ಎಲೆ ಹಳದಿಗೆ ತಿರುಗುತ್ತದೆ, ಎಳೆಗಾಯಿ ಉದುರುತ್ತದೆ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯ ಗುಡ್ಡಗಳನ್ನೇ ಕುಸಿಸಿದಂಥ ಮಳೆ ಬಂದರಂತೂ ಈ ಮಾತಿಗೆ ಕೊನೆಯಿಲ್ಲ. ಆದರೆ ಗಿಡವನ್ನು ಬಾಧಿಸುವುದು ಚಳಿಯಲ್ಲ. ಅದಕ್ಕೆ ಉಸಿರು ಕಟ್ಟಿರುತ್ತದೆ.

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯಿಂದ ಅದು ಆಮ್ಲಜನಕವನ್ನು ಪಡೆಯುತ್ತದೆ. ಆ ಸಂದಿಗಳಲ್ಲಿ ನೀರು ತುಂಬಿದರೆ ಆಮ್ಲಜನಕದ ಸಂಚಾರ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗುತ್ತದೆ. ಉಳಿದಷ್ಟನ್ನು ಬೇರೂ ಸೂಕ್ಷ್ಮಜೀವಿಗಳೂ ಬೇಗನೆ ಮುಗಿಸಿಬಿಡುತ್ತವೆ.

ಇದರ ಪೆಟ್ಟು ಬಲವಾಗಿ ಬೀಳುವುದು ಬೇರಿನ ತುದಿಗೆ. ಹೊಸ ಕೋಶಗಳನ್ನು ಹಡೆಯುವ ತಾಯಿಕೋಶಗಳು ಇರುವುದು ಅಲ್ಲಿ. ಇವನ್ನು ಪುಸ್ತಕಗಳು 'ಕಾಂಡಕೋಶ'ಗಳೆನ್ನುತ್ತವೆ. ಬೇರಿನಲ್ಲಿ ಕಾಂಡವೆಂದರೆ ಗೊಂದಲವಾದೀತು, 'ಮೂಲಕೋಶ'ವೆನ್ನೋಣ. ಮೂಲವೆಂದರೆ ಬೇರೇ ಅಷ್ಟೆ. ಇವುಗಳ ನಡುವೆ ಅಪರೂಪಕ್ಕೊಮ್ಮೆ ಮಾತ್ರ ವಿಭಜಿಸುವ ಕೋಶಗಳ ಗುಂಪೊಂದಿದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಕ್ಲೋಸ್ ಮುಸುಕಿನ ಜೋಳದ ಬೇರಿನಲ್ಲಿ ಇದನ್ನು ಗುರುತಿಸಿದರು. ಇದನ್ನು 'ಶಾಂತಕೇಂದ್ರ'ವೆನ್ನಬಹುದು. ಸುತ್ತಲಿನ ಕೋಶಗಳು ನಾಶವಾದಾಗ ತುದಿಯನ್ನು ಮತ್ತೆ ಕಟ್ಟುವ ಶಕ್ತಿ ಇದಕ್ಕಿದೆ. ರೈತನು ಬಿತ್ತನೆಯ ಭತ್ತವನ್ನು ಮುಡಿ ಕಟ್ಟಿ ಎತ್ತಿಟ್ಟಂತೆ ಇದು.

ಉಸಿರು ಕಟ್ಟಿದ್ದು ಕೋಶಕ್ಕೆ ತಿಳಿಯುವುದೆಂತು? ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದರ ಗುಟ್ಟು 2011ರಲ್ಲಿ ಬಯಲಾಯಿತು. ಕೋಶದಲ್ಲಿ ಒಂದು ಬಗೆಯ ಪ್ರೋಟೀನು ಸದಾ ಹುಟ್ಟುತ್ತಿರುತ್ತದೆ. ಆಮ್ಲಜನಕವಿದ್ದರೆ ಅದು ಹುಟ್ಟಿದಂತೆಯೇ ನಾಶವಾಗುತ್ತದೆ. ಆಮ್ಲಜನಕ ಕುಂದಿದರೆ ಬದುಕಿ ಉಳಿದು, ಕೋಶಕೇಂದ್ರವನ್ನು ಹೊಕ್ಕು, ಆಪತ್ಕಾಲದ ಜೀನುಗಳನ್ನು ಎಚ್ಚರಿಸುತ್ತದೆ. ದೂತನು ಉಳಿದಿದ್ದಾನೆಂಬುದೇ ಇಲ್ಲಿ ಸುದ್ದಿ!

ಆಗ ಕೋಶ ಸಕ್ಕರೆಯನ್ನು ಹುದುಗಿಸಿ ಬದುಕುತ್ತದೆ. ಗಾಳಿಯಿದ್ದಾಗ ಒಂದು ಸಕ್ಕರೆಯ ಅಣುವಿನಿಂದ ಶಕ್ತಿಯ ಸುಮಾರು 30 ನಾಣ್ಯ ದೊರೆತರೆ, ಹುದುಗಿಸಿದಾಗ ದೊರೆಯುವುದು 2 ಮಾತ್ರ. ಆದ್ದರಿಂದ ಮೂಲಕೋಶಗಳು ವಿಭಜನೆಯನ್ನು ತಗ್ಗಿಸಿ, ಬಡತನದ ಸಂಸಾರದಂತೆ ಕೈ ಬಿಗಿಹಿಡಿಯುತ್ತವೆ. ನೀರು ಬೇಗ ಬಸಿದರೆ ಬೆಳವಣಿಗೆ ಮರಳುತ್ತದೆ. ದಿನಗಟ್ಟಲೆ ನಿಂತರೆ ತುದಿಯೇ ಸಾಯುತ್ತದೆ. ಗಿಡ ನೀರಿನ ನಡುವೆ ನಿಂತೇ ಬಾಯಾರುತ್ತದೆ.

ತೋಟದ ಕೆಳಗಿನ ಗದ್ದೆಯಲ್ಲಿ ರಾಜಮುಡಿ ಭತ್ತ ಅದೇ ನೀರಿನಲ್ಲಿ ಹಸಿರಾಗಿ ನಿಂತಿರುತ್ತದಲ್ಲ? ಭತ್ತದ ಬೇರಿನೊಳಗೆ ಕೆಲವು ಕೋಶಗಳು ತಾವೇ ಸತ್ತು ಗಾಳಿಗೆ ಓಣಿಗಳನ್ನು ತೆರೆಯುತ್ತವೆ. ಎಲೆಯ ಕಡೆಯ ಆಮ್ಲಜನಕ ಆ ಓಣಿಗಳಲ್ಲಿ ತುದಿಯವರೆಗೂ ಇಳಿಯುತ್ತದೆ. ಇಥಿಯೋಪಿಯದ ಎತ್ತರದ ಕಾಡುಗಳಿಂದ ಬಂದ ಅರೇಬಿಕಾ ಕಾಫಿಗೆ ಅಂಥ ಅನುಕೂಲವಿಲ್ಲ.

ಅದಕ್ಕಿಲ್ಲದ ಓಣಿಯನ್ನು ಮನುಷ್ಯನೇ ತೆರೆಯಬೇಕು. ಮಳೆಗೆ ಮುನ್ನ ಬಸಿಗಾಲುವೆ ತೋಡುವುದು, ಬುಡದ ತರಗನ್ನು ಸರಿಸುವುದು ನಮ್ಮ ಹಿರಿಯರು ಬಲ್ಲ ಕೆಲಸಗಳೇ. ಆಳಿನ ಕೂಲಿ ಉಳಿಯಲೆಂದು ಕಾಲುವೆಯ ಕೆಲಸವನ್ನು ನಾಲ್ಕು ದಿನ ಮುಂದೂಡುವವರು ನೆನೆಯಬೇಕು: ಮಣ್ಣಿನೊಳಗಿನ ಆ ತಾಯಿಕೋಶಗಳಿಗೆ ನಾಲ್ಕು ದಿನ ದೀರ್ಘಕಾಲ. ಕಂಬಳಿಕೊಪ್ಪೆ ಹೊದ್ದು, ಸುರಿಮಳೆಯಲ್ಲಿ ಗುದ್ದಲಿ ಹಿಡಿದು ಕಾಲುವೆ ಬಿಡಿಸುವಾತ ಹೊರಹಾಕುವುದು ನೀರನ್ನಾದರೂ ಒಳಗೆ ಕಳಿಸುವುದು ಉಸಿರನ್ನು.