ಜಾವಾ ಹಳ್ಳಿಗಳಲ್ಲಿ ಕೆಲಸ ಬದಲಾಯಿತು, ಮಾತೂ ಬದಲಾಯಿತು

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ 1960ರ ದಶಕದವರೆಗೂ ಭತ್ತದ ಕೊಯ್ಲೆಂದರೆ ಬಹುಪಾಲು ಹೆಂಗಸರದೇ ಕೆಲಸ. 'ಅನಿ-ಅನಿ' ಎಂಬ ಪುಟ್ಟ ಅಲಗನ್ನು ಅಂಗೈಯಲ್ಲಿ ಹಿಡಿದು ಒಂದೊಂದೇ ತೆನೆ ಕೊಯ್ಯುತ್ತಿದ್ದರು. ಕುಡುಗೋಲು ಬೀಸಿದರೆ ಭತ್ತದ ದೇವತೆ ದೇವಿ ಶ್ರೀ ಬೆಚ್ಚಿಬೀಳುತ್ತಾಳೆ ಎಂಬ ನಂಬಿಕೆಯಿತ್ತು. ನಿಧಾನದ ಕೆಲಸವಾದ್ದರಿಂದ ಬಹಳ ಕೈಗಳು ಬೇಕಾಗುತ್ತಿದ್ದವು. ಕೊಯ್ದದ್ದರಲ್ಲಿ ಒಂದು ಪಾಲು, ಅಂದರೆ 'ಬಾವೊನ್', ಕೊಯ್ದವಳಿಗೇ ಸೇರುತ್ತಿತ್ತು. ತುಂಡು ನೆಲವಿಲ್ಲದ ಮನೆಯಲ್ಲೂ ಅದರಿಂದ ಒಲೆ ಉರಿಯುತ್ತಿತ್ತು.

ಹಸಿರು ಕ್ರಾಂತಿ ಈ ವ್ಯವಸ್ಥೆಯನ್ನು ಬುಡಮೇಲು ಮಾಡಿತು. ಫಿಲಿಪ್ಪೀನ್ಸ್‌ನಲ್ಲಿ 1966ರಲ್ಲಿ ಬಿಡುಗಡೆಯಾದ ಐಆರ್-8 ಎಂಬ ಭತ್ತದ ತಳಿ ಮತ್ತು ಅದರ ಬೆನ್ನಿಗೇ ಬಂದ ಗಿಡ್ಡ ತಳಿಗಳಿಗೆ ಕುಡುಗೋಲೇ ಸಲೀಸು. ಗದ್ದೆಯ ಒಡೆಯರು ನಿಂತ ಪೈರನ್ನೇ ವ್ಯಾಪಾರಿಗೆ ಮಾರುವ 'ತೆಬಾಸಾನ್' ಪದ್ಧತಿ ಹಬ್ಬಿತು. ವ್ಯಾಪಾರಿ ಕುಡುಗೋಲು ಹಿಡಿದ ಗಂಡಾಳುಗಳ ತಂಡವನ್ನು ತಾನೇ ಕರೆತಂದ. 1970ರ ದಶಕದ ಆರಂಭದಲ್ಲಿ ಅಕ್ಕಿ ಗಿರಣಿಗಳೂ ಊರೂರಿಗೆ ಬಂದವು. ಭತ್ತ ಕುಟ್ಟುವುದು ರಟ್ಟೆ ಸೋಲಿಸುವ ದುಡಿಮೆ. ಉಳ್ಳವರ ಮನೆಯ ಹೆಂಗಸರಿಗೆ ಗಿರಣಿಯಿಂದ ಬಿಡುಗಡೆ ಸಿಕ್ಕಿತು ನಿಜ. ಆದರೆ ಕೂಲಿಗೆ ಕುಟ್ಟುತ್ತಿದ್ದವರ ಅನ್ನವೇ ಹೋಯಿತು. ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿತು. ಆ ಸಾಧನೆಯ ಲೆಕ್ಕ ಬರೆಯುವಾಗ ಈ ಕಳೆದುಹೋದ ಕೂಲಿಯನ್ನೂ ಬರೆಯಲೇಬೇಕು.

ಗದ್ದೆ ಬಿಟ್ಟವರ ಮಕ್ಕಳು ಕಾರ್ಖಾನೆ ಸೇರಿದರು. ಮಧ್ಯ ಜಾವಾದ ಹಳ್ಳಿಗಳಲ್ಲಿ 1980ರ ದಶಕದಲ್ಲಿ ಅಧ್ಯಯನ ನಡೆಸಿದ ಸಮಾಜವಿಜ್ಞಾನಿ ಡಯೇನ್ ವುಲ್ಫ್ ಕಂಡಂತೆ, ಎಷ್ಟೋ ಹುಡುಗಿಯರು ತಂದೆತಾಯಿಯನ್ನು ಕೇಳದೆಯೇ ಕೆಲಸಕ್ಕೆ ಹೋಗಿದ್ದರು. ಸಂಬಳ ಎಷ್ಟು ಕಡಿಮೆಯೆಂದರೆ ಊಟದ ಖರ್ಚನ್ನು ಮನೆಯವರೇ ತೂಗಿಸಬೇಕಿತ್ತು. ಆದರೂ ಅವರು 'ಅರಿಸಾನ್' ಎಂಬ ಚೀಟಿ ಕಟ್ಟಿ ದುಡ್ಡು ಕೂಡಿಸಿದರು. ಕೂಡಿಸಿದ ಆ ದುಡ್ಡು ಮನೆಯ ಕಷ್ಟಕಾಲಕ್ಕೂ ಆಯಿತು.

ಇನ್ನು ಕೆಲವರು ಸಮುದ್ರ ದಾಟಿದರು. ಪೊನೊರೊಗೊ, ಬ್ಲಿತಾರ್, ತುಲುಂಗಾಗುಂಗ್ ಜಿಲ್ಲೆಗಳ ಸಾವಿರಾರು ಹೆಂಗಸರು ಹಾಂಗ್‌ಕಾಂಗ್, ತೈವಾನ್, ಮಲೇಷ್ಯಾದ ಮನೆಗಳಲ್ಲಿ ದುಡಿಯುತ್ತಾರೆ. ಊರಿನಲ್ಲಿ ಇಟ್ಟಿಗೆಯ ಹೊಸ ಮನೆ ಏಳುತ್ತದೆ. ಮಕ್ಕಳನ್ನು ಅಜ್ಜಿ ಸಾಕುತ್ತಾಳೆ. ಈ ವಲಸೆಯ ಬೆಲೆ ಕೆಲವೊಮ್ಮೆ ಭೀಕರ. ನ್ಗಾವಿ ಜಿಲ್ಲೆಯ ಎರ್ವಿಯಾನಾ ಸುಲಿಸ್ತ್ಯಾನಿಂಗ್ಸಿ 2014ರಲ್ಲಿ ಮೈತುಂಬ ಗಾಯಗಳೊಂದಿಗೆ ಹಾಂಗ್‌ಕಾಂಗ್‌ನಿಂದ ಮರಳಿದರು. ಆದರೆ ಸುಮ್ಮನಿರಲಿಲ್ಲ, ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳಿದರು. ಮುಂದಿನ ವರ್ಷ ಅವರನ್ನು ಹಿಂಸಿಸಿದ ಒಡತಿಗೆ ಆರು ವರ್ಷ ಜೈಲಾಯಿತು.

ದುಡಿಮೆಯ ಜೊತೆ ಮಾತೂ ಬದಲಾಯಿತು. ಜಾವಾದ ನುಡಿಯಲ್ಲಿ ಎದುರಿಗಿರುವವರ ಅಂತಸ್ತು ನೋಡಿ ಪದ ಆರಿಸಬೇಕು. ಸಲಿಗೆಯ 'ಙೊಕೊ'ದಲ್ಲಿ ಉಣ್ಣುವುದು 'ಮಙಾನ್'. ವಿನಯದ 'ಕ್ರೊಮೊ'ದಲ್ಲಿ 'ನೆಡೊ'. ಹಿರಿಯರು ಉಂಡರೆ 'ಡಹಾರ್'. ಕನ್ನಡದ ನೀನು-ನೀವುಗಳ ವ್ಯತ್ಯಾಸ ಇದರ ಮುಂದೆ ತೀರಾ ಸಣ್ಣದು. 1973ರಿಂದ ಕೆಲವೇ ವರ್ಷಗಳಲ್ಲಿ ಸರ್ಕಾರ ದೇಶದಾದ್ಯಂತ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿಸಿತು. ಅಲ್ಲಿ ಕಲಿತ ಇಂಡೋನೇಷಿಯನ್ ಭಾಷೆಯಲ್ಲಿ ಇಷ್ಟು ಮೆಟ್ಟಿಲುಗಳಿಲ್ಲ. ಅನೇಕ ಎಳೆಯ ತಾಯಂದಿರು ಇಂದು ಮಗುವಿನೊಡನೆ ಅದನ್ನೇ ಆಡುತ್ತಾರೆ: ಶಾಲೆಯಲ್ಲಿ ಮಗು ಹಿಂದೆ ಬೀಳಬಾರದು, ಹಿರಿಯರೆದುರು ಕ್ರೊಮೊ ತಪ್ಪಿ ಮುಜುಗರವಾಗಬಾರದು. ಅವರನ್ನು ದೂರುವುದು ಅನ್ಯಾಯ. ಮಧ್ಯ ಜಾವಾ ಸರ್ಕಾರ ಕಚೇರಿಗಳಲ್ಲಿ ಗುರುವಾರ ಜಾವಾ ನುಡಿಯನ್ನೇ ಆಡಬೇಕೆಂದು ನಿಯಮ ಮಾಡಿದೆ. ಆದರೆ ನುಡಿ ಉಳಿಯುವುದೋ ಅಳಿಯುವುದೋ ಅಡುಗೆಮನೆಯಲ್ಲಿ ತೀರ್ಮಾನವಾಗುತ್ತಿದೆ.

ಮಾತಿನ ಈ ಮೆಟ್ಟಿಲುಗಳನ್ನು ಬಹಳ ಹಿಂದೆಯೇ ನಿರಾಕರಿಸಿದ ರೈತರೂ ಅಲ್ಲಿದ್ದಾರೆ. ಬ್ಲೊರಾದ ಸಾಮಿನ್ ಸುರೊಸೆಂತಿಕೊ ಅವರ ಅನುಯಾಯಿಗಳು ಡಚ್ಚರ ಕಾಲದಲ್ಲಿ ತೆರಿಗೆ ಕೊಡಲು ಒಪ್ಪಲಿಲ್ಲ, ಅಧಿಕಾರಿಗಳೊಡನೆಯೂ ಙೊಕೊದಲ್ಲೇ ಮಾತಾಡಿದರು. 1907ರಲ್ಲಿ ಸಾಮಿನ್‌ರನ್ನು ಸುಮಾತ್ರಾಕ್ಕೆ ಗಡೀಪಾರು ಮಾಡಲಾಯಿತು. ಅದೇ ಪರಂಪರೆಯ 'ಸೆದುಲುರ್ ಸಿಕೆಪ್' ಜನ ಕೆಂಡೆಂಗ್ ಬೆಟ್ಟಸಾಲಿನ ಸಿಮೆಂಟ್ ಕಾರ್ಖಾನೆಗಳ ವಿರುದ್ಧ ಎದ್ದು ನಿಂತರು. ಸುಣ್ಣಕಲ್ಲು ಅಗೆದರೆ ಗದ್ದೆಗೆ ನೀರೂಡುವ ಒರತೆಗಳು ಬತ್ತುತ್ತವೆ ಎಂಬುದು ಅವರ ಆತಂಕ. 2016ರ ಏಪ್ರಿಲ್‌ನಲ್ಲಿ ಆ ಭಾಗದ ಒಂಬತ್ತು ರೈತ ಹೆಂಗಸರು ಜಕಾರ್ತಾದ ಅಧ್ಯಕ್ಷರ ಅರಮನೆಯೆದುರು ತಮ್ಮ ಪಾದಗಳನ್ನು ಸಿಮೆಂಟಿನಲ್ಲಿ ಹುಗಿದುಕೊಂಡು ಕುಳಿತರು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ರೆಂಬಾಂಗ್ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯ ಪರಿಸರ ಪರವಾನಗಿಯನ್ನು ರದ್ದುಪಡಿಸಿತು. ಆದರೆ ಕೆಲವೇ ತಿಂಗಳಲ್ಲಿ ಪ್ರಾಂತ್ಯದ ರಾಜ್ಯಪಾಲರು ಹೊಸ ಪರವಾನಗಿ ಕೊಟ್ಟರು. 2017ರ ಮಾರ್ಚ್‌ನಲ್ಲಿ ಕೆಂಡೆಂಗ್‌ನ ರೈತರು ಮತ್ತೆ ಜಕಾರ್ತಾಕ್ಕೆ ಹೋಗಿ ಸಿಮೆಂಟಿನಲ್ಲಿ ಕಾಲಿಟ್ಟರು.