ಕಾಡು ಕಾಯುವ ಕೈ ಇದ್ದರೆ ಮೇವು ಉಳಿದೀತು



ಕೆಲವು ವರ್ಷಗಳ ಹಿಂದೆ, ಕಡು ಬೇಸಿಗೆಯಲ್ಲಿ, ಕಲಘಟಗಿ ತಾಲೂಕಿನ ಕಾಡಂಚಿನ ಊರೊಂದರಿಂದ ನನಗೆ ಕರೆ ಬಂತು. ಬಯಲುಸೀಮೆಯ ಸಂತೆಯಿಂದ ತಂದು ತಿಂಗಳೂ ಆಗಿರದ ಮಿಶ್ರತಳಿ ಆಕಳು ಮೇವು ಬಿಟ್ಟಿತ್ತು. ಕಣ್ಣು ಹಳದಿಯಾಗಿತ್ತು, ಮೂತಿ ಒಣಗಿ ಬಿರಿದಿತ್ತು, ಕೆಚ್ಚಲಿನ ಬಿಳಿ ಚರ್ಮ ಸುಟ್ಟಂತೆ ಕೆಂಪೇರಿತ್ತು. ನೆರಳಿಗೆ ಕಟ್ಟಿಸಿ ಚಿಕಿತ್ಸೆ ಕೊಟ್ಟೆ. ಆದರೆ ತಡವಾಗಿತ್ತು. ಐದನೆಯ ದಿನ ಆಕಳು ಸತ್ತಿತು, ಅದನ್ನು ಕೊಳ್ಳಲು ಮಾಡಿದ ಸಾಲ ಉಳಿಯಿತು.

ಅಲ್ಲಿ ನಿಂತಿದ್ದ ಗೌಳಿ ಹಿರಿಯರೊಬ್ಬರು ಹೇಳಿದರು: "ಸಾಹೇಬ್ರ, ನಮ್ಮ ಎಮ್ಮಿ ಈ ಕಂಟಿ ಮುಟ್ಟೂದಿಲ್ಲ. ಆದ್ರ ಅವು ಮತ್ತೇನ್ ತಿನಬೇಕು? ಹುಲ್ಲಿದ್ದ ಜಾಗಾದಾಗೆಲ್ಲಾ ಈಗ ಇದ ಐತಿ."

ಆ ಕಂಟಿಯೇ ಲಂಟಾನ. ನಾನು ಹೋದದ್ದು ಆಕಳ ರೋಗಕ್ಕೆ. ಆದರೆ ಮೂಲ ರೋಗ ಇದ್ದದ್ದು ಕಾಡಿಗೆ. ಅದಕ್ಕೆ ಮದ್ದು ಬಲ್ಲವರು ಕಾಡಿನ ಜನ ಎಂಬುದನ್ನು ತಿಳಿಸಲು ಈ ಲೇಖನ.

ಲಂಟಾನ ಮಾಡುವ ಹಾನಿ

ಇದು ಅಮೆರಿಕ ಖಂಡದ ಗಿಡ. ಸುಮಾರು 200 ವರ್ಷಗಳ ಹಿಂದೆ ಬ್ರಿಟಿಷರು ಇದನ್ನು ಹೂದೋಟದ ಅಂದಕ್ಕೆಂದು ನಮ್ಮ ದೇಶಕ್ಕೆ ತಂದರು. ಇದರ ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಎಲ್ಲೆಡೆ ಉದುರಿಸುತ್ತವೆ. ಇದರ ಕೆಳಗೆ ಹುಲ್ಲು ಏಳುವುದಿಲ್ಲ.

ಎಲೆಯಲ್ಲಿರುವ ಲಂಟಾಡೀನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ಹಸಿರು ಮೇವು ಜೀರ್ಣವಾದಾಗ ಹುಟ್ಟುವ ಒಂದು ವಸ್ತುವನ್ನು ಕೆಟ್ಟ ಯಕೃತ್ತು ಹೊರಹಾಕಲಾರದು. ಅದು ರಕ್ತದ ಮೂಲಕ ಚರ್ಮಕ್ಕೆ ಬರುತ್ತದೆ. ಬಿಸಿಲು ಬಿದ್ದೊಡನೆ ಬಿಳಿ ಚರ್ಮ ಸುಡುತ್ತದೆ. ಜೊತೆಗೆ ಹೊಟ್ಟೆಯ ಚಲನೆ ನಿಲ್ಲುವುದರಿಂದ, ತಿಂದ ಎಲೆ ಅಲ್ಲೇ ಉಳಿದು ವಿಷ ಏರುತ್ತಲೇ ಇರುತ್ತದೆ. ಆದ್ದರಿಂದ:

1. ಮೇವು ಬಿಟ್ಟ, ಸಗಣಿ ಗಟ್ಟಿಯಾದ, ಕಣ್ಣು ಹಳದಿಯಾದ ದನವನ್ನು ಕೂಡಲೇ ಕತ್ತಲೆಯ ಕೊಟ್ಟಿಗೆಗೆ ಸೇರಿಸಿ.
2. "ನಾಳೆ ನೋಡೋಣ" ಎನ್ನದೆ ಅದೇ ದಿನ ಪಶುವೈದ್ಯರನ್ನು ಕರೆಯಿರಿ. ಹೊಟ್ಟೆಯ ವಿಷ ಹೀರಲು ಇದ್ದಿಲಿನ ಔಷಧ ಬೇಗ ಬೀಳಬೇಕು.
3. ಹೊರಗಿನಿಂದ ತಂದ ದನಕ್ಕೆ ಈ ಗಿಡದ ಪರಿಚಯವಿರುವುದಿಲ್ಲ. ಅದನ್ನು ಹಸಿದ ಹೊಟ್ಟೆಯಲ್ಲಿ ಕಾಡಿಗೆ ಬಿಡಬೇಡಿ. ಕಣಿಕೆಯನ್ನೋ ಹೊಟ್ಟನ್ನೋ ತಿನ್ನಿಸಿ ಬಿಡಿ.

ಸೋಲಿಗರು ಕಂಡದ್ದು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಎಂಬ ಬುಡಕಟ್ಟು ಜನರಿದ್ದಾರೆ. ಅವರ ವಾಸದ ನೆಲೆಗೆ ಪೋಡು ಎನ್ನುತ್ತಾರೆ. ಬೇಸಿಗೆಯ ಆರಂಭದಲ್ಲಿ, ಒಣ ಎಲೆ ಹೆಚ್ಚು ಕೂಡುವ ಮೊದಲೇ, ನೆಲಮಟ್ಟದ ಸಣ್ಣ ಬೆಂಕಿ ಹಾಕುವುದು ಅವರ ಹಿಂದಿನ ಪದ್ಧತಿ. ಇದಕ್ಕೆ ತರಗು ಬೆಂಕಿ ಎಂದು ಹೆಸರು. ಎಲೆಯಷ್ಟೇ ಸುಟ್ಟು, ಮರ ಉಳಿದು, ಮಳೆಗೆ ಹೊಸ ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಅಲ್ಲಿ ವನ್ಯಜೀವಿಧಾಮವಾಯಿತು, ತರಗು ಬೆಂಕಿಯೂ ನಿಂತಿತು. ಅದು ನಿಂತ ಮೇಲೆಯೇ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ಮಾತು. ಅಲ್ಲಿನ ಕಾಡಿನ ಅಳತೆಯಲ್ಲೂ 1997ರಲ್ಲಿ ನೂರಕ್ಕೆ ಸುಮಾರು 40 ಕಡೆ ಇದ್ದ ಲಂಟಾನ 2008ರ ಹೊತ್ತಿಗೆ ಸುಮಾರು 80 ಕಡೆ ಕಂಡಿತು.

ಇದನ್ನು ಓದಿ ಯಾರೂ ಕಾಡಿಗೆ ಕಡ್ಡಿ ಗೀರಬೇಡಿ. ಅದು ಅಪರಾಧ. ಮೇಲಾಗಿ, ಲಂಟಾನ ತುಂಬಿದ ಕಾಡಿನಲ್ಲಿ ಬೆಂಕಿ ನೆಲಮಟ್ಟದಲ್ಲಿ ನಿಲ್ಲುವುದಿಲ್ಲ, ಮರದ ತಲೆ ಮುಟ್ಟುತ್ತದೆ. ಹೇಳಬೇಕಾದ ಮಾತು ಬೇರೆ: ಕಾಡನ್ನು ದಿನವೂ ತುಳಿಯುವವರ ಬಳಿ ವಿದ್ಯೆ ಇರುತ್ತದೆ, ಅದನ್ನು ಕೇಳಿ ಬಳಸಬೇಕು. ಆಸ್ಟ್ರೇಲಿಯಾ ಸರ್ಕಾರ 2007ರಿಂದ ಅಲ್ಲಿನ ಮೂಲನಿವಾಸಿಗಳನ್ನೇ ಸಂಬಳ ಕೊಟ್ಟು ಕಾಡು ಕಾಯಲು ನೇಮಿಸಿಕೊಂಡಿದೆ. ಅವರು ಹಾಕುವ ಸಣ್ಣ ಬೆಂಕಿಯಿಂದ ಮುಂದಿನ ದೊಡ್ಡ ಕಾಳ್ಗಿಚ್ಚು ತಪ್ಪುತ್ತದೆ.

ನಮ್ಮ ರಾಜ್ಯದಲ್ಲೂ ದಾರಿ ತೆರೆದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅಲ್ಲಿ ಜೇನು, ನೆಲ್ಲಿ, ಸೀಗೆಗಳ ಸಂಗ್ರಹ ನಡೆದದ್ದು ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳ ಮೂಲಕ. ಹಾಲಿಗೆ ನಮ್ಮ ಸಂಘವಿದ್ದಂತೆ ಅವರ ಸರಕಿಗೆ ಅವರ ಸಂಘ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ತರಬೇತಿ ಪಡೆದು ಲಂಟಾನದ ಕೋಲಿನಿಂದಲೇ ಕುರ್ಚಿ, ಮೇಜು ಮಾಡಿ ಮಾರಿದರು. ಕಳೆಯಿಂದಲೇ ಕೂಲಿ ಹುಟ್ಟಿತು.

ನಮ್ಮ ಕಲಘಟಗಿಯಲ್ಲಿ

ನಮ್ಮ ಜಿಲ್ಲೆಯ ಕಾಡಂಚಿನಲ್ಲಿ ಗೌಳಿಗರೂ ಸಿದ್ದಿಗಳೂ ಇದ್ದಾರೆ. ಧಾರವಾಡ ಜಿಲ್ಲೆಯ ಸಿದ್ದಿಗಳು 2020ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗೌಳಿಗರು ತಲೆಮಾರುಗಳಿಂದ ಎಮ್ಮೆ ಕಟ್ಟಿ ಬದುಕಿದವರು. 2021ರಲ್ಲಿ ರಾಷ್ಟ್ರೀಯ ತಳಿಯಾಗಿ ನೋಂದಣಿಯಾದ ಧಾರವಾಡಿ ಎಮ್ಮೆಯನ್ನು ಉಳಿಸಿಕೊಂಡು ಬಂದವರಲ್ಲಿ ಅವರೂ ಮುಖ್ಯರು. ನಮ್ಮ ಪೇಢೆಯ ಹೆಸರಿನ ಹಿಂದೆ ಆ ಎಮ್ಮೆಯ ಹಾಲೂ ಇದೆ.

ದನ ಹೆಚ್ಚಾಗಿ ಕಾಡು ತುಳಿತಕ್ಕೆ ಸಿಕ್ಕುವುದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹುಲ್ಲು ಬೆಳೆಸುವ ಕೆಲಸವನ್ನು ಹುಲ್ಲಿನಿಂದ ಬದುಕುವವರಿಗೇ ವಹಿಸಿದರೆ, ಎಷ್ಟು ದನ, ಯಾವ ತಿಂಗಳು, ಯಾವ ಕಡೆ ಎಂಬ ಲೆಕ್ಕವನ್ನು ಅವರೇ ಹಿಡಿಯಬಲ್ಲರು. ಅರಣ್ಯ ಹಕ್ಕು ಕಾಯ್ದೆ ದನ ಮೇಯಿಸುವ ಹಕ್ಕನ್ನೂ ಹೇಳುತ್ತದೆ, ಹಕ್ಕು ಪಡೆದವರಿಗೆ ಕಾಡು ಕಾಯುವ ಹೊಣೆಯನ್ನೂ ಹೊರಿಸುತ್ತದೆ. ಪರಿಶಿಷ್ಟ ಪಂಗಡದವರು 13-12-2005ಕ್ಕೆ ಮೊದಲಿನಿಂದ ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಉಳಿದವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದನ್ನು ತೋರಿಸಬೇಕು. ಗೌಳಿಗರಿಗೆ ಕಷ್ಟವಾಗುವುದು ಇಲ್ಲೇ. ಊರ ಹಿರಿಯರ ಲಿಖಿತ ಹೇಳಿಕೆಯೂ ಒಂದು ಸಾಕ್ಷ್ಯವಾಗುತ್ತದೆ. ಹಿರಿಯರು ಇರುವಾಗಲೇ ಅದನ್ನು ಬರೆಸಿಡಿ.

ಲಂಟಾನ ಕೀಳುವ ಕ್ರಮ

ಮೇಲಿನಿಂದ ಕಡಿದರೆ ಇದು ಇಮ್ಮಡಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ತೋರಿಸಿದ ಕ್ರಮ ಹೀಗಿದೆ:

1. ಹೂ, ಕಾಯಿ ಬರುವ ಮೊದಲು ಕೆಲಸ ಹಿಡಿಯಿರಿ.
2. ತಾಯಿಬೇರನ್ನು ನೆಲದ ಕೆಳಗೆ 3ರಿಂದ 5 ಸೆಂ.ಮೀ. ಆಳದಲ್ಲಿ ಕತ್ತರಿಸಿ.
3. ಕಿತ್ತ ಕಂಟಿಯನ್ನು ಬುಡಮೇಲಾಗಿಸಿ ಒಣಗಲು ಬಿಡಿ.
4. ಹಕ್ಕಿ ಕೂರುವ ಮರಗಳ ಕೆಳಗೆ ಏಳುವ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲೂ ಕಿತ್ತುಹಾಕಿ.
5. ತೆರವಾದ ನೆಲದಲ್ಲಿ ಊರ ಹುಲ್ಲಿನ ಬೀಜ ಚೆಲ್ಲಿ. ಬರಿ ನೆಲ ಬಿಟ್ಟರೆ ಮತ್ತೆ ಲಂಟಾನವೇ ಬರುತ್ತದೆ.

ಅರಣ್ಯದೊಳಗೆ ಇಲಾಖೆಯ ಒಪ್ಪಿಗೆ ಬೇಕು. ಗೋಮಾಳವಾದರೆ ಗ್ರಾಮ ಪಂಚಾಯಿತಿಯ ಮುಂದೆ ವಿಷಯ ಇಡಿ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಸದಸ್ಯರು "ನಮಗೆಲ್ಲಿ ಕಾಡು?" ಎನ್ನಬಹುದು. ನಿಮ್ಮ ಬದುವಿನ ಮೇಲಿನ ಕಾಂಗ್ರೆಸ್ ಕಸದ ಕಥೆಯೂ ಇದೇ. ಅದನ್ನು ತಿಂದ ದನದ ಹಾಲು ಕಹಿಯಾಗುತ್ತದೆ. ಹೂ ಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ಅದನ್ನು ಬೇರುಸಹಿತ ಕಿತ್ತುಹಾಕಿ.

ಕಾಡಂಚಿನ ಸಂಘಗಳ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಮುಂದಿನ ಸರ್ವಸದಸ್ಯರ ಸಭೆಗೆ ದಡ್ಡಿಯ ಗೌಳಿ ಹಿರಿಯರನ್ನೂ ಸಿದ್ದಿ ಬಂಧುಗಳನ್ನೂ ಕರೆಯಿರಿ. ಯಾವ ಗುಡ್ಡದಲ್ಲಿ ಯಾವ ಹುಲ್ಲಿತ್ತು ಎಂದು ಕೇಳಿ ಬರೆದುಕೊಳ್ಳಿ. ಕೀಳುವ ಕೆಲಸ ಬಂದರೆ ಮೊದಲ ಕೂಲಿ ಅವರಿಗೇ ಸಿಗುವಂತೆ ಠರಾವು ಮಾಡಿ. ಔಷಧ ಕೊಡಲು ನಾವಿದ್ದೇವೆ. ಆದರೆ ಹುಲ್ಲನ್ನು ಸಿರಿಂಜಿನಿಂದ ಬರಿಸಲು ನಮ್ಮಿಂದ ಆಗದು.